ಸೀಲ್ ಬದಲಿಸುವ ಮೊದಲು ಎಂಜಿನ್ ಹೇಗೆ ಉಸಿರಾಡ್ತಿದೆ ನೋಡಿ

ಒಬ್ಬರು ತಮ್ಮ ಟರ್ಬೊ ಪೆಟ್ರೋಲ್ ಕಾರನ್ನು ತಂದು ನಿಲ್ಲಿಸಿದರು. ಕ್ರ್ಯಾಂಕಿನ, ಅಂದರೆ ಪಿಸ್ಟನ್‌ಗಳು ತಿರುಗಿಸುವ ಮುಖ್ಯ ದಂಡದ, ಹಿಂದಿನ ಸೀಲಿನಿಂದ ಆಯಿಲ್ ಸೋರುತ್ತಿತ್ತು. ಆ ಸೀಲ್ ಅಷ್ಟರಲ್ಲೇ ಎರಡು ಸಲ ಬದಲಾಗಿತ್ತು. ನೋಡೋಕೆ ಅದೊಂದು ರಬ್ಬರ್ ಬಳೆ ಅಷ್ಟೇ. ಆದರೆ ಎಂಜಿನ್ನಿಗೂ ಗೇರ್‌ಬಾಕ್ಸಿಗೂ ನಡುವೆ ಕೂತಿರುತ್ತದೆ. ಅದನ್ನು ಮುಟ್ಟಬೇಕೆಂದರೆ ಗೇರ್‌ಬಾಕ್ಸ್ ಇಳಿಸಲೇಬೇಕು.

"ಎರಡು ಸಲವೂ ಡೂಪ್ಲಿಕೇಟ್ ಸೀಲ್ ಹಾಕಿದ್ದಾರೆ, ಅಲ್ವಾ?" ಎಂದು ಕೇಳಿದರು.

ನನ್ನ ಕಣ್ಣು ಆಯಿಲ್ ಮಟ್ಟ ನೋಡುವ ಡಿಪ್‌ಸ್ಟಿಕ್ ಮೇಲಿತ್ತು. ಅದು ಕೊಳವೆಯಿಂದ ಅರ್ಧ ಇಂಚು ಮೇಲೆದ್ದು ನಿಂತಿತ್ತು. ಕೇಳಿದರೆ, "ಅದು ಆಗಾಗ ಮೇಲೆ ಬರುತ್ತೆ, ನಾನೇ ಒತ್ತಿ ಕೂರಿಸ್ತೀನಿ" ಎಂದರು. ಸೀಲಿನ ತಪ್ಪೇನೂ ಇರಲಿಲ್ಲ. ಒಳಗಿನ ಒತ್ತಡ ಸಿಕ್ಕ ಸಿಕ್ಕ ಕಡೆ ದಾರಿ ಹುಡುಕುತ್ತಿತ್ತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತೆ ಎರಡು ಸಲ ಗೇರ್‌ಬಾಕ್ಸ್ ಇಳಿಸಿದ್ದರು.

ಈ ಒತ್ತಡ ಎಲ್ಲಿಂದ ಬರುತ್ತದೆ? ಎಷ್ಟೇ ಹೊಸ ಎಂಜಿನ್ ಆದರೂ ಪಿಸ್ಟನ್ ರಿಂಗುಗಳ ಸಂದಿಯಿಂದ ಸ್ವಲ್ಪ ಗ್ಯಾಸ್ ಕೆಳಗೆ ನುಸುಳುತ್ತದೆ. ಇದನ್ನೇ ಬ್ಲೋ-ಬೈ ಅನ್ನೋದು. ಅದು ಕ್ರ್ಯಾಂಕ್ ತಿರುಗುವ ಕೆಳಗಿನ ಗೂಡಿನಲ್ಲಿ, ಅಂದರೆ ಕ್ರ್ಯಾಂಕ್‌ಕೇಸ್‌ನಲ್ಲಿ, ತುಂಬಿಕೊಳ್ಳಬಾರದು. ಹಳೇ ಕಾಲದ ಕಾರುಗಳಲ್ಲಿ ಒಂದು ಪೈಪ್ ಮೂಲಕ ಅದನ್ನು ಸೀದಾ ರಸ್ತೆಗೆ ಬಿಡುತ್ತಿದ್ದರು. ಈಗ ಹಾಗಿಲ್ಲ. ಆಯಿಲ್ ಹನಿಗಳನ್ನು ಸೆಪರೇಟರ್‌ನಲ್ಲಿ ಬೇರ್ಪಡಿಸಿ, ಗ್ಯಾಸನ್ನು ಮತ್ತೆ ಎಂಜಿನ್ನಿಗೇ ಉಣಿಸಿ ಸುಡುತ್ತಾರೆ. ಈ ವ್ಯವಸ್ಥೆಯ ಹೆಸರೇ ಪಿಸಿವಿ, ಅಂದರೆ ಪಾಸಿಟಿವ್ ಕ್ರ್ಯಾಂಕ್‌ಕೇಸ್ ವೆಂಟಿಲೇಶನ್.

ಟರ್ಬೊ ಇಲ್ಲದ ಪೆಟ್ರೋಲ್ ಎಂಜಿನ್ನಿನಲ್ಲಿ ಇದು ಸುಲಭ. ಸಿಲಿಂಡರುಗಳಿಗೆ ಗಾಳಿ ಹಂಚುವ ಇನ್‌ಟೇಕ್ ಮ್ಯಾನಿಫೋಲ್ಡ್‌ನಲ್ಲಿ ಸೆಳೆತ ಇರುತ್ತದೆ, ಅದೇ ಗ್ಯಾಸನ್ನು ಎಳೆದುಕೊಳ್ಳುತ್ತದೆ. ಟರ್ಬೊ ಬಂದಾಗ ಲೆಕ್ಕ ತಲೆಕೆಳಗಾಗುತ್ತದೆ. ಆಕ್ಸಿಲರೇಟರ್ ಒತ್ತಿ ಬೂಸ್ಟ್ ಬಂತು ಅನ್ನಿ, ಅಂದರೆ ಟರ್ಬೊ ಗಾಳಿಯನ್ನು ಒತ್ತಿ ತುಂಬತೊಡಗಿತು. ಆಗ ಮ್ಯಾನಿಫೋಲ್ಡ್‌ನಲ್ಲಿ ಸೆಳೆತವಿಲ್ಲ, ಒತ್ತಡ ಇರುತ್ತದೆ. ಅದಕ್ಕೇ ಟರ್ಬೊ ಎಂಜಿನ್ನಿಗೆ ಎರಡು ದಾರಿ. ಐಡ್ಲಿಂಗ್‌ನಲ್ಲಿ ಗ್ಯಾಸ್ ಮ್ಯಾನಿಫೋಲ್ಡ್‌ಗೆ ಹೋಗುತ್ತದೆ. ಬೂಸ್ಟ್‌ನಲ್ಲಿ ಏರ್ ಫಿಲ್ಟರಿಗೂ ಟರ್ಬೊಗೂ ನಡುವಿನ ಪೈಪಿಗೆ ಹೋಗುತ್ತದೆ, ಯಾಕಂದ್ರೆ ಟರ್ಬೊ ಗಾಳಿ ಎಳೆಯುವಾಗ ಅಲ್ಲಿ ಸಣ್ಣ ಸೆಳೆತ ಇರುತ್ತದೆ. ಬೂಸ್ಟ್ ಗಾಳಿ ಮ್ಯಾನಿಫೋಲ್ಡ್‌ನಿಂದ ಹಿಂದಕ್ಕೆ ಬಂದು ಕ್ರ್ಯಾಂಕ್‌ಕೇಸಿಗೆ ನುಗ್ಗದಂತೆ ಒಂದು ಚೆಕ್ ವಾಲ್ವ್ ಕಾವಲು ಕಾಯುತ್ತದೆ.

ನಮ್ಮ ಕಾರಿನಲ್ಲಿ ಕೈಕೊಟ್ಟಿದ್ದು ಆ ಚೆಕ್ ವಾಲ್ವ್. ಬಿಚ್ಚಿ, ಒರೆಸಿ, ಊದಿ ನೋಡಿದೆ. ಒಂದು ಕಡೆಯಿಂದ ಮಾತ್ರ ಗಾಳಿ ಹೋಗಬೇಕಿತ್ತು, ಎರಡೂ ಕಡೆಯಿಂದ ಹೋಯಿತು. ಹೆಬ್ಬೆರಳಿನಷ್ಟು ಪ್ಲಾಸ್ಟಿಕ್ ತುಂಡು ಅದು.

ಮಜಾ ಏನಂದ್ರೆ, ಮೊದಲು ನೋಡಿದವರು ಪಿಸಿವಿ ಪರೀಕ್ಷೆ ಮಾಡಿಯೇ ಇದ್ದರಂತೆ. ಎಲ್ಲರೂ ಮಾಡುವ ಗ್ಲೌಸ್ ಪರೀಕ್ಷೆ. ಎಂಜಿನ್ ಐಡ್ಲಿಂಗ್‌ನಲ್ಲಿ ಇಟ್ಟು, ಆಯಿಲ್ ಹಾಕುವ ಬಾಯಿಯ ಕ್ಯಾಪ್ ತೆಗೆದು, ಅಲ್ಲಿಗೆ ತೆಳುವಾದ ರಬ್ಬರ್ ಗ್ಲೌಸ್ ಕಟ್ಟೋದು. ಗ್ಲೌಸ್ ಮೆಲ್ಲಗೆ ಒಳಕ್ಕೆ ಹೋದರೆ ಸರಿ. ಬಲೂನಿನಂತೆ ಉಬ್ಬಿದರೆ ದಾರಿ ಕಟ್ಟಿದೆ ಎಂದರ್ಥ. ಅವರಿಗೆ ಗ್ಲೌಸ್ ಒಳಕ್ಕೇ ಹೋಗಿತ್ತು. "ಪಿಸಿವಿ ಓಕೆ" ಎಂದು ಬರೆದುಬಿಟ್ಟಿದ್ದರು. ತೆರೆದೇ ಇರುವ ಚೆಕ್ ವಾಲ್ವ್ ಐಡ್ಲಿಂಗ್‌ನಲ್ಲಿ ಚೆನ್ನಾಗಿಯೇ ಎಳೆಯುತ್ತದೆ. ಅದರ ಬಣ್ಣ ಬಯಲಾಗೋದು ಬೂಸ್ಟ್ ಬಂದಾಗ ಮಾತ್ರ. ಗ್ಯಾರೇಜಿನೊಳಗೆ ಸುಮ್ನೆ ಆಕ್ಸಿಲರೇಟರ್ ಒತ್ತಿದರೆ ಬೂಸ್ಟ್ ಸರಿಯಾಗಿ ಬರುವುದಿಲ್ಲ. ಕಾರಿಗೆ ಲೋಡ್ ಬೇಕು.

ಹಾಗಾಗಿ ನಾನು ಡಿಪ್‌ಸ್ಟಿಕ್ ಕೊಳವೆಗೆ ಗೇಜ್ ಕೊಟ್ಟು, ಪೈಪನ್ನು ಕಾರಿನೊಳಗೆ ತಂದು, ಏರು ರಸ್ತೆಯಲ್ಲಿ ಓಡಿಸಿಯೇ ನೋಡುತ್ತೇನೆ. ಈ ಗೇಜ್ ಇಂಚು ನೀರಿನ ಲೆಕ್ಕದ್ದಾಗಿರಬೇಕು. 1 ಪಿಎಸ್‌ಐ ಅಂದರೆ ಸುಮಾರು 27.7 ಇಂಚು ನೀರು. ಕ್ರ್ಯಾಂಕ್‌ಕೇಸಿನ ವ್ಯವಹಾರ ನಡೆಯೋದೆಲ್ಲ ಅದರೊಳಗೆ, ಕೆಲವೇ ಇಂಚುಗಳಲ್ಲಿ. ಬೂಸ್ಟ್ ಗೇಜ್ ಹಾಕಿದರೆ ಮುಳ್ಳು ಅಲುಗುವುದೂ ಇಲ್ಲ. ಸರಿಯಾದ ಅಂಕಿ ಒಂದೊಂದು ಎಂಜಿನ್ನಿಗೆ ಒಂದೊಂದು, ಮ್ಯಾನ್ಯುಯಲ್‌ನಲ್ಲಿ ನೋಡಿಕೊಳ್ಳಿ. ಆದರೆ ಲೋಡ್ ಬಿದ್ದಾಗ ಮುಳ್ಳು ಸೆಳೆತದ ಕಡೆಯಿಂದ ಒತ್ತಡದ ಕಡೆಗೆ ಹಾರಿದರೆ ಮ್ಯಾನ್ಯುಯಲ್ ತೆಗೆಯೋದೂ ಬೇಡ. ಕೆಲವರು ಪಾರದರ್ಶಕ ಪೈಪನ್ನು ಯು ಆಕಾರಕ್ಕೆ ಬಗ್ಗಿಸಿ ನೀರು ತುಂಬಿ ನೋಡುತ್ತಾರೆ. ಅಳತೆ ಸರಿಯಾಗಿಯೇ ಸಿಗುತ್ತದೆ. ಆದರೆ ಸೆಳೆತ ಜಾಸ್ತಿ ಇರುವ ಎಂಜಿನ್ ಆ ನೀರನ್ನೇ ಕುಡಿದುಬಿಡಬಹುದು, ಹುಷಾರು.

ಹೌದು, ಸೆಳೆತ ಜಾಸ್ತಿಯಾಗೋದೂ ಒಂದು ಕಾಯಿಲೆ. ಎಷ್ಟೋ ಎಂಜಿನ್ನುಗಳಲ್ಲಿ ಸೆಳೆತವನ್ನು ಹದದಲ್ಲಿಡಲು ರಬ್ಬರ್ ಡಯಾಫ್ರಮ್ ಇರುತ್ತದೆ. ಬಿಸಿಗೆ, ಆಯಿಲ್ ಹಬೆಗೆ ಅದು ಕಾಲಕ್ರಮೇಣ ಹರಿಯುತ್ತದೆ. ಆಗ ಐಡ್ಲಿಂಗ್‌ನಲ್ಲಿ ಸೀಟಿ ಹೊಡೆದಂಥ ಸದ್ದು ಕೇಳುತ್ತದೆ. ಎಂಜಿನ್ ನಡುಗುತ್ತದೆ. ಲೆಕ್ಕಕ್ಕೆ ಸಿಗದ ಗಾಳಿ ಒಳಗೆ ಹೋಗುವುದರಿಂದ ಸ್ಕ್ಯಾನರ್ ಪಿ0171 ಎಂಬ ಲೀನ್ ಕೋಡ್ (ಗಾಳಿ ಜಾಸ್ತಿ, ಪೆಟ್ರೋಲ್ ಕಡಿಮೆ) ತೋರಿಸಬಹುದು. ಆಯಿಲ್ ಕ್ಯಾಪ್ ಎಳೆದರೆ ಹಿಡಿದುಕೊಂಡಂತೆ ಬಿಗಿಯಾಗಿರುತ್ತದೆ. ಡಿಪ್‌ಸ್ಟಿಕ್ ಸ್ವಲ್ಪ ಮೇಲೆತ್ತಿದ ತಕ್ಷಣ ಸೀಟಿ ನಿಂತುಹೋದರೆ ಬೇರೆ ಪರೀಕ್ಷೆ ಬೇಕಿಲ್ಲ. ಈ ಸದ್ದನ್ನು ಬೇರಿಂಗ್ ಸದ್ದು ಎಂದುಕೊಂಡು ಆಲ್ಟರ್ನೇಟರ್ ಬಿಚ್ಚಿದವರನ್ನು ನೋಡಿದ್ದೇನೆ. ಒಮ್ಮೆ ನಾನೇ ಬಿಚ್ಚಿದ್ದೇನೆ.

ಒತ್ತಡ ಜಾಸ್ತಿಯಾದರೆ ಟರ್ಬೊ ಮೇಲೂ ಗೂಬೆ ಕೂರಿಸುತ್ತಾರೆ. ಟರ್ಬೊದಿಂದ ಬಂದ ಗಾಳಿಯನ್ನು ತಣಿಸುವ ಇಂಟರ್‌ಕೂಲರ್‌ನ ಪೈಪಿನಲ್ಲಿ ಆಯಿಲ್, ಸೈಲೆನ್ಸರ್‌ನಲ್ಲಿ ನೀಲಿ ಹೊಗೆ. "ಟರ್ಬೊ ಹೋಯ್ತು" ಎಂದು ತೀರ್ಪು. ಟರ್ಬೊ ಶಾಫ್ಟಿಗೆ ರಬ್ಬರ್ ಸೀಲ್ ಇರುವುದಿಲ್ಲ, ಪಿಸ್ಟನ್ ರಿಂಗಿನಂಥ ಲೋಹದ ರಿಂಗ್ ಇರುತ್ತದೆ. ಆಯಿಲ್ ಒತ್ತಡದಲ್ಲಿ ಒಳಗೆ ಬರುತ್ತದೆ, ಆದರೆ ಹೊರಗೆ ಹೋಗುವುದು ಬರೀ ತನ್ನ ಭಾರಕ್ಕೆ, ದಪ್ಪ ಪೈಪಿನಲ್ಲಿ ಕೆಳಗಿಳಿದು ಎಂಜಿನ್ ತಳದ ಆಯಿಲ್ ತೊಟ್ಟಿಯಾದ ಸಂಪ್ ಸೇರುತ್ತದೆ. ಕ್ರ್ಯಾಂಕ್‌ಕೇಸ್‌ನಲ್ಲಿ ಒತ್ತಡ ಇದ್ದರೆ ಆ ಆಯಿಲ್ ಇಳಿಯುವುದು ಹೇಗೆ? ಟರ್ಬೊದಲ್ಲೇ ನಿಂತು, ರಿಂಗ್ ದಾಟಿ ಎರಡೂ ಕಡೆಗೆ ಹರಿಯುತ್ತದೆ. ಹೊಸ ಟರ್ಬೊ ಹಾಕಿದರೆ ಅದೂ ಸೋರುತ್ತದೆ. ಕಟ್ಟಿಕೊಂಡ ಏರ್ ಫಿಲ್ಟರ್ ಕೂಡ ಇದೇ ಆಟ ಆಡುತ್ತದೆ: ಟರ್ಬೊ ಗಾಳಿ ಎಳೆಯುವ ಕಂಪ್ರೆಸರ್ ಬಾಯಲ್ಲಿ ಸೆಳೆತ ಅತಿಯಾಗಿ ಆಯಿಲನ್ನು ಎಳೆದುಕೊಳ್ಳುತ್ತದೆ. ಅಂದಹಾಗೆ, ಇಂಟರ್‌ಕೂಲರ್ ಪೈಪಿನೊಳಗೆ ತೆಳುವಾಗಿ ಆಯಿಲ್ ಸವರಿದಂತೆ ಇದ್ದರೆ ಗಾಬರಿ ಬೇಡ. ಕ್ರ್ಯಾಂಕ್‌ಕೇಸಿನಿಂದ ಹೊರಡುವ ಬ್ರೀದರ್ ಪೈಪಿನ ಗ್ಯಾಸ್ ಅದೇ ದಾರಿಯಲ್ಲಿ ಹೋಗುತ್ತದಲ್ಲ. ಪೈಪ್ ಬಗ್ಗಿಸಿದಾಗ ಆಯಿಲ್ ಸುರಿದರೆ ಯೋಚನೆ ಮಾಡಿ.

ಎಲ್ಲ ಸೋರಿಕೆಗೂ ಒತ್ತಡವೇ ಕಾರಣ ಅಂತ ನಾನು ಹೇಳುತ್ತಿಲ್ಲ. ಗ್ಯಾಸ್ಕೆಟ್ ಹಳತಾಗಿಯೂ ಸೋರುತ್ತದೆ. ಎಲ್ಲಿಂದ ಅಂತ ಹುಡುಕುವಾಗ ಒಂದೇ ಮಾತು ನೆನಪಿಡಿ: ಆಯಿಲ್ ಕೆಳಕ್ಕೆ ಹರಿಯುತ್ತದೆ, ಕಾರು ಓಡುವಾಗ ಗಾಳಿ ಅದನ್ನು ಹಿಂದಕ್ಕೆ ತಳ್ಳುತ್ತದೆ. ಎಂಜಿನ್ ತಲೆಯ ಮೇಲಿನ ಟ್ಯಾಪೆಟ್ ಕವರಿನ ಹಿಂಬದಿ ಸೋರಿದರೆ ಎಂಜಿನ್ ಬೆನ್ನಿಗುಂಟ ಇಳಿದು ಗೇರ್‌ಬಾಕ್ಸ್ ಸೇರುವ ಜಾಗದಲ್ಲಿ ತೊಟ್ಟಿಕ್ಕುತ್ತದೆ, ಥೇಟ್ ಕ್ರ್ಯಾಂಕ್ ಸೀಲಿನ ಹಾಗೆ. ಪೂರ್ತಿ ತೊಳೆದು, ಒಣಗಿಸಿ, ಸ್ವಲ್ಪ ಓಡಿಸಿ, ಒದ್ದೆಯಾದ ಅತಿ ಎತ್ತರದ ಜಾಗ ಹುಡುಕಿ. ಸಿಗದಿದ್ದರೆ ಆಯಿಲಿಗೆ ಯುವಿ ಡೈ ಹಾಕಿ, ಯುವಿ ದೀಪ ಹಿಡಿದು ನೋಡಿ. ಸೋರುವ ಜಾಗ ಹುಡುಕಲು ಹೊಗೆ ತುಂಬುವ ಸ್ಮೋಕ್ ಮಷೀನ್ ಬಳಸುವವರು ಒತ್ತಡವನ್ನು 1 ಪಿಎಸ್‌ಐ ಒಳಗೇ ಇಡಬೇಕು. ಜಾಸ್ತಿ ಕೊಟ್ಟರೆ ಚೆನ್ನಾಗಿರುವ ಸೀಲನ್ನೂ ನೀವೇ ಕೆಡಿಸುತ್ತೀರಿ. ಟರ್ಬೊ ಆಯಿಲ್ ಪೈಪಿನ ತಾಮ್ರದ ವಾಷರ್ ಬಿಚ್ಚಿದಾಗಲೆಲ್ಲ ಹೊಸದು ಹಾಕಿ. ಅಲ್ಲಿ ಸಿಲಿಕಾನ್ ಪೇಸ್ಟ್ ಮಾತ್ರ ಬೇಡವೇ ಬೇಡ. ಒಂದು ಚೂರು ಕಿತ್ತು ಒಳಗೆ ಹೋದರೂ ಟರ್ಬೊಗೆ ಆಯಿಲ್ ನಿಂತುಹೋಗಬಹುದು. ಬಿಸಿ ಎಕ್ಸಾಸ್ಟ್ ಮೇಲೆ ಆಯಿಲ್ ಬೀಳುತ್ತಿದ್ದರೆ ಕಾರು ಓಡಿಸಲೇಬೇಡಿ. ಬೆಂಕಿ ಹತ್ತುತ್ತದೆ.

ಡೀಸೆಲ್ ಟರ್ಬೊದವರಿಗೂ ಎರಡು ಮಾತು. ಅದರ ಮ್ಯಾನಿಫೋಲ್ಡ್‌ನಲ್ಲಿ ಪೆಟ್ರೋಲಿನ ಹಾಗೆ ಸೆಳೆತ ಇರುವುದಿಲ್ಲ, ಬ್ರೀದರ್ ಸಾಮಾನ್ಯವಾಗಿ ಏರ್ ಫಿಲ್ಟರಿಗೂ ಟರ್ಬೊಗೂ ನಡುವಿನ ಪೈಪಿಗೇ ಹೋಗುತ್ತದೆ. ಆದ್ದರಿಂದ ಗ್ಲೌಸ್ ಪರೀಕ್ಷೆಯನ್ನು ಪೆಟ್ರೋಲ್ ಕಾರಿನ ಲೆಕ್ಕದಲ್ಲಿ ಅಳೆಯಬೇಡಿ.

ಆ ಕಾರಿಗೆ ಹೊಸ ಚೆಕ್ ವಾಲ್ವ್ ಹಾಕಿ, ಅಡಿಭಾಗ ತೊಳೆದು ಕಳಿಸಿದೆ. ಸೀಲನ್ನು ಮುಟ್ಟಲಿಲ್ಲ. ಎರಡು ವಾರ ಬಿಟ್ಟು ಎತ್ತಿ ನೋಡಿದಾಗ ಒಣಗಿತ್ತು. ಎಲ್ಲರಿಗೂ ಇಷ್ಟು ಅದೃಷ್ಟ ಇರುವುದಿಲ್ಲ, ಒತ್ತಡಕ್ಕೆ ಮಡಚಿಹೋದ ಸೀಲ್ ಮತ್ತೆ ಕೂರದೇ ಇರಬಹುದು. ಆದರೂ ವಾಲ್ವ್ ಮೊದಲು, ಗೇರ್‌ಬಾಕ್ಸ್ ಆಮೇಲೆ.

ಹೊಸ ವಾಲ್ವ್ ಹಾಕಿ, ಪೈಪುಗಳೆಲ್ಲ ತೆರೆದಿವೆ ಎಂದು ನೋಡಿಕೊಂಡ ಮೇಲೂ ಗೇಜ್ ಒತ್ತಡವನ್ನೇ ತೋರಿಸಿದರೆ? ಆಗ ಲೀಕ್‌ಡೌನ್ ಪರೀಕ್ಷೆ ಮಾಡುತ್ತೇನೆ. ಸಿಲಿಂಡರಿಗೆ ಗಾಳಿ ಕೊಟ್ಟು, ಆಯಿಲ್ ಹಾಕುವ ಬಾಯಿಗೆ ಕಿವಿ ಇಡೋದು. ಅಲ್ಲಿಂದ ಜೋರಾಗಿ ಬುಸ್ ಎಂದರೆ ರಿಂಗ್ ಸವೆದಿದೆ, ಎಂಜಿನ್ ಬಿಚ್ಚಬೇಕು. ಅಂಥ ಕಾರಿನ ಮಾಲೀಕರಿಗೆ ಇನ್ನು ಸೀಲಿಗೆ ದುಡ್ಡು ಹಾಕಬೇಡಿ ಎಂದು ಆವತ್ತೇ ಹೇಳಿಬಿಡುತ್ತೇನೆ.