ಯಂತ್ರಕ್ಕೆ ಮೊದಲು ವೈದ್ಯರನ್ನು ತಯಾರು ಮಾಡಿ

ತಾಲ್ಲೂಕು ಆಸ್ಪತ್ರೆಗೆ ಅಲ್ಟ್ರಾಸೌಂಡ್ ಯಂತ್ರ ಕೊಡಿಸಲು ಮುಂದೆ ಬರುವ ದಾನಿಗಳ ಬಗ್ಗೆಯೂ ಅದಕ್ಕಾಗಿ ಓಡಾಡುವ ಜನಪ್ರತಿನಿಧಿಗಳ ಬಗ್ಗೆಯೂ ನನಗೆ ಗೌರವವಿದೆ. ಆದರೆ ವೈದ್ಯರ ಕೊರತೆಯ ಮಾತೆತ್ತಿದ ಕೂಡಲೇ ಅವರಿಂದ ಬರುವ ಸಲಹೆ ಮಾತ್ರ ನನ್ನ ತಾಳ್ಮೆ ಕೆಡಿಸುತ್ತದೆ: "ಸ್ಕ್ಯಾನಿಂಗ್ ನಮ್ಮ ಸಿಬ್ಬಂದಿಯೇ ಮಾಡಲಿ ಡಾಕ್ಟ್ರೇ, ಚಿತ್ರ ಕಳಿಸುತ್ತೇವೆ, ನೀವು ದಾವಣಗೆರೆಯಲ್ಲೇ ಕುಳಿತು ರಿಪೋರ್ಟ್ ಬರೆದುಬಿಡಿ."

ಎಕ್ಸ್‌ರೇ, ಸಿಟಿ ಸ್ಕ್ಯಾನ್‌ಗಳಲ್ಲಿ ಇದು ನಡೆಯುತ್ತದೆ; ಅಲ್ಲಿ ಚಿತ್ರ ತೆಗೆಯುವ ಕ್ರಮ ನಿಗದಿಯಾಗಿರುತ್ತದೆ. ಅಲ್ಟ್ರಾಸೌಂಡಿನಲ್ಲಿ ರೋಗಪತ್ತೆ ನಡೆಯುವುದೇ ರೋಗಿಯ ಮೈಮೇಲೆ ಆಡಿಸುವ ಪ್ರೋಬ್ ಹಿಡಿದ ಕೈಯಲ್ಲಿ. ಪಿತ್ತಕೋಶದಲ್ಲಿ ಬಿಳಿ ಚುಕ್ಕೆ ಕಂಡರೆ ರೋಗಿಯನ್ನು ಎಡಮಗ್ಗುಲಿಗೆ ತಿರುಗಿಸಿ ನೋಡಬೇಕು; ಜಾರಿದರೆ ಬಹುಮಟ್ಟಿಗೆ ಕಲ್ಲು, ಅಲ್ಲೇ ಅಂಟಿಕೊಂಡಿದ್ದರೆ ಪಾಲಿಪ್, ಅಂದರೆ ಒಳಗೋಡೆಯಲ್ಲಿ ಬೆಳೆದ ಸಣ್ಣ ಗಂಟು ಇರಬಹುದು. ಕಾಲಿನ ಆಳದ ರಕ್ತನಾಳವನ್ನು ಒತ್ತಿದಾಗ ಅದು ಚಪ್ಪಟೆಯಾಗದಿದ್ದರೆ ಒಳಗೆ ರಕ್ತ ಹೆಪ್ಪುಗಟ್ಟಿರುವ ಶಂಕೆ ಮೂಡುತ್ತದೆ. ಎಲ್ಲಿ ತಿರುಗಿಸಬೇಕು, ಎಲ್ಲಿ ಒತ್ತಬೇಕು ಎಂದು ಆ ಕ್ಷಣದಲ್ಲಿ ಹೊಳೆಯದ ಕೈ ತೆಗೆದ ಚಿತ್ರ ಎಷ್ಟೇ ಸ್ಪಷ್ಟವಾಗಿದ್ದರೂ, ಆ ಕೈ ದಾಟಿಹೋದದ್ದನ್ನು ನಾನು ಇಲ್ಲಿ ಕುಳಿತು ಕಾಣಲಾರೆ.

ಜಗಳೂರು ಕಡೆಯ ಬಸುರಿ ಹೆಣ್ಣುಮಗಳೊಬ್ಬಳು ಐದನೇ ತಿಂಗಳ ಸ್ಕ್ಯಾನಿಂಗಿಗೆ ಅತ್ತೆಯೊಂದಿಗೆ ಬಂದಿದ್ದಳು. ಮಗು ಬೆನ್ನು ಮೇಲೆ ಮಾಡಿ ಮಲಗಿತ್ತು. ಹೃದಯದ ನಾಲ್ಕು ಕೋಣೆಗಳು ಸರಿಯಾಗಿ ಕಾಣುತ್ತಿರಲಿಲ್ಲ. ಏನಾದರೂ ತಿಂದು, ಸ್ವಲ್ಪ ಓಡಾಡಿ ಬಾ ಎಂದು ಕಳಿಸಿದೆ. ಎರಡನೇ ಸಲವೂ ಅದೇ ಭಂಗಿ. "ಬಸ್ಸಿಗೆ ಹೊತ್ತಾತ್ರೀ ಸಾಹೇಬ್ರ, ಕಂಡಷ್ಟು ಬರ್ದು ಕೊಡ್ರಿ" ಎಂದರು ಅತ್ತೆ. ಅವರ ಆತುರ ನ್ಯಾಯವಾದದ್ದೇ, ದೂರದ ಊರು. ಆದರೂ ಕಾಯಿಸಿದೆ, ಮೂರನೇ ಸಲ ಮಗು ಮಗ್ಗುಲಾಯಿತು, ನಾಲ್ಕೂ ಕೋಣೆ ಕಂಡವು. ಈ ಕಾಯುವಿಕೆಯೂ ಪರೀಕ್ಷೆಯ ಭಾಗವೇ.

ಕಾನೂನೂ ಇದನ್ನೇ ಹೇಳುತ್ತದೆ. ಭ್ರೂಣಲಿಂಗ ಪತ್ತೆಯನ್ನು ನಿಷೇಧಿಸುವ ಪಿಸಿಪಿಎನ್‌ಡಿಟಿ ಕಾಯ್ದೆಯಡಿ ಗರ್ಭಿಣಿಯರ ಸ್ಕ್ಯಾನಿಂಗ್ ಮಾಡಬೇಕಾದವರು ಅರ್ಹ ವೈದ್ಯರು. ಸ್ಕ್ಯಾನಿಂಗ್ ತಜ್ಞರಾಗಲು ಓದುವ ರೇಡಿಯಾಲಜಿ ಎಂ.ಡಿ.ಗೆ ಮೂರು ವರ್ಷ ಬೇಕು. ಆದರೆ 2014ರ ನಿಯಮಗಳು ಎಂ.ಬಿ.ಬಿ.ಎಸ್. ವೈದ್ಯರಿಗೆ ಆರು ತಿಂಗಳ, 300 ಗಂಟೆಗಳ ತರಬೇತಿಯ ದಾರಿ ತೆರೆದಿವೆ. ಇದರಿಂದ ಪೂರ್ಣ ತಜ್ಞರು ತಯಾರಾಗುತ್ತಾರೆ ಎಂದು ನಾನು ಹೇಳಲಾರೆ. ಸಾಮಾನ್ಯ ಪ್ರಸೂತಿ ಸ್ಕ್ಯಾನಿಂಗ್ ನಂಬಿಕೆಯಿಂದ ಮಾಡಿ, ಸಂಶಯ ಬಂದದ್ದನ್ನು ತಡಮಾಡದೆ ಮುಂದಕ್ಕೆ ಕಳಿಸುವವರು ಸಿಕ್ಕರೂ ಮೊಳಕಾಲ್ಮುರಿನಂತಹ ತಾಲ್ಲೂಕಿಗೆ ಅದು ದೊಡ್ಡ ಆಸರೆ. ತರಬೇತಿಯ ನಂತರವೂ ಅವರು ಆಗಾಗ ಬೋಧಕ ಆಸ್ಪತ್ರೆಗೆ ಬಂದು ಕಠಿಣ ಪ್ರಕರಣಗಳನ್ನು ಹಿರಿಯರ ಪಕ್ಕದಲ್ಲಿ ನಿಂತು ನೋಡುವ ಏರ್ಪಾಡು ಇರಬೇಕು. 1965ರಿಂದ ವೈದ್ಯಕೀಯ ಕಾಲೇಜು ನಡೆಯುತ್ತಿರುವ ದಾವಣಗೆರೆಯಲ್ಲಿ ಕಲಿಸುವವರಿಗೆ ಬರವಿಲ್ಲ.

ಯೋಜನೆ ಸೋಲುವುದು ವರ್ಗಾವಣೆಯಲ್ಲಿ. ತರಬೇತಿ ಪಡೆದ ವೈದ್ಯರನ್ನು ಯಂತ್ರವೇ ಇಲ್ಲದ ಕೇಂದ್ರಕ್ಕೆ ಹಾಕಿದರೆ ಕಲಿತ ಕೈ ಮರೆಯುತ್ತದೆ, ಇತ್ತ ಯಂತ್ರಕ್ಕೆ ಬೀಗ ಬೀಳುತ್ತದೆ. ಆದ್ದರಿಂದ ಆಯ್ಕೆಯಾದವರು ಕೆಲವು ವರ್ಷವಾದರೂ ಅದೇ ಆಸ್ಪತ್ರೆಯಲ್ಲಿ ಉಳಿಯುವಂತೆ ಮೊದಲೇ ಆದೇಶವಾಗಬೇಕು. ರಜೆ, ಹೆರಿಗೆ ರಜೆಗಳ ಲೆಕ್ಕ ಹಿಡಿದು ಪ್ರತಿ ಯಂತ್ರಕ್ಕೆ ಇಬ್ಬರನ್ನು ತಯಾರು ಮಾಡಬೇಕು. ಅದಕ್ಕೂ ಮುಂಚೆ, ಅವರು ಕಲಿಯಲು ಹೋದ ಆರು ತಿಂಗಳು ಹೊರರೋಗಿಗಳನ್ನು ನೋಡಲು ಬದಲಿ ವೈದ್ಯರು ಬೇಕು. ಅದಿಲ್ಲದೆ ಯಾವ ಆಡಳಿತ ವೈದ್ಯಾಧಿಕಾರಿಯೂ ತಮ್ಮವರನ್ನು ಬಿಟ್ಟುಕೊಡಲಾರರು. ದಾನಿಗಳೂ ಶಾಸಕರೂ ಯಂತ್ರದ ಮನವಿಯ ಜೊತೆಗೆ ಆ ಬದಲಿ ವೈದ್ಯರ ಹುದ್ದೆಗೂ ಮನವಿ ಸಲ್ಲಿಸಲಿ.