ಕಣ್ಣಾರೆ ನೋಡದ ಪುಸ್ತಕವನ್ನು ಅಡಿಟಿಪ್ಪಣಿಯಲ್ಲಿ ಹಾಕಬಹುದೇ?

ಪ್ರಶ್ನೆ: ಮುಂಬಯಿಯಲ್ಲಿ ಕನ್ನಡ ಎಂ.ಎ. ಓದುತ್ತಿದ್ದೇನೆ. ಉತ್ತರ ಕನ್ನಡದಿಂದ ಇಲ್ಲಿಗೆ ವಲಸೆ ಬಂದವರ ಬಗ್ಗೆ ಸಂಪ್ರಬಂಧ ಬರೆಯಬೇಕು. ನಾನು ಓದಿದ ಕನ್ನಡ ಪುಸ್ತಕವೊಂದರಲ್ಲಿ ಬ್ರಿಟಿಷರ ಕಾಲದ ಜಿಲ್ಲಾ ವಿವರಗಳ ಸರ್ಕಾರಿ ಗ್ರಂಥ ‘ಬಾಂಬೆ ಗೆಜೆಟಿಯರ್’ನ ಮಾತೊಂದಿದೆ, ಅದು ನನಗೂ ಬೇಕು. ಅಡಿಟಿಪ್ಪಣಿಯಲ್ಲಿ ಗೆಜೆಟಿಯರ್ ಹೆಸರು ಹಾಕಲೇ, ಕನ್ನಡ ಪುಸ್ತಕದ್ದೇ? ಗೆಜೆಟಿಯರ್ ಹಾಕಿದರೆ ತೂಕ ಬರುತ್ತದೆ ಅನ್ನುತ್ತಾರೆ ಗೆಳೆಯರು.
— ಡೊಂಬಿವಲಿಯ ಓದುಗರು

ಉತ್ತರ: ನೀವು ತೆರೆದು ಓದಿದ್ದು ಯಾವುದೋ ಅದರ ಹೆಸರು ಹಾಕಿ. ಗೆಜೆಟಿಯರ್ ಓದದೆ ಅದರ ಹೆಸರನ್ನಷ್ಟೇ ಬರೆದರೆ, ಅದನ್ನು ನಾನೇ ನೋಡಿದ್ದೇನೆ ಎಂದು ಹೇಳಿಕೊಂಡ ಹಾಗೆ. ಬೇರೊಬ್ಬರು ಹುಡುಕಿ ತೆಗೆದದ್ದನ್ನು ಅವರ ಹೆಸರು ಬಿಟ್ಟು ಎತ್ತಿಕೊಂಡ ಹಾಗೂ ಹೌದು. ತೂಕ ಬರುವುದಿರಲಿ, ವೈವಾದಲ್ಲಿ (ಮೌಖಿಕ ಪರೀಕ್ಷೆಯಲ್ಲಿ) “ಯಾವ ಸಂಪುಟ?” ಎಂದು ಕೇಳಿದರೆ ಉತ್ತರ ಇರುವುದಿಲ್ಲ.

ಆ ಪ್ರಶ್ನೆ ಬಂದೇ ಬರುತ್ತದೆ. ‘ಬಾಂಬೆ ಗೆಜೆಟಿಯರ್’ ಅನ್ನುವುದು ಒಂದು ಪುಸ್ತಕವಲ್ಲ. ಜೇಮ್ಸ್ ಕ್ಯಾಂಪ್‌ಬೆಲ್ ಸಂಪಾದಿಸಿದ ಬಾಂಬೆ ಪ್ರೆಸಿಡೆನ್ಸಿಯ ಗೆಜೆಟಿಯರ್ ಮಾಲೆಯಲ್ಲಿ 15ನೇ ಸಂಪುಟ ಕೆನರಾ (ಈಗಿನ ಉತ್ತರ ಕನ್ನಡ) ಜಿಲ್ಲೆಯದು, 1883ರದು, ಅದರಲ್ಲೇ ಎರಡು ಭಾಗ. ಉತ್ತರ ಕನ್ನಡ ಆಗ ಮದ್ರಾಸಿನಿಂದ ಬೇರ್ಪಟ್ಟು ಮುಂಬಯಿ ಆಡಳಿತಕ್ಕೆ ಸೇರಿತ್ತಲ್ಲ, ಹಾಗಾಗಿ ಅಲ್ಲಿಗೆ ಬಂತು. ಧಾರವಾಡ 22ನೇ ಸಂಪುಟ, ವಿಜಾಪುರ 23. ಇವು ಸಾಲದೆಂಬಂತೆ ಎಸ್.ಎಂ. ಎಡ್ವರ್ಡ್ಸ್ ಸಿದ್ಧಪಡಿಸಿದ ಮುಂಬಯಿ ನಗರದ್ದೇ ಗೆಜೆಟಿಯರ್ 1909–10ರಲ್ಲಿ ಮೂರು ಸಂಪುಟಗಳಲ್ಲಿ ಬಂದಿದೆ. ವಲಸೆಯ ವಿಷಯಕ್ಕೆ ಕೆನರಾದ್ದೂ ಬೇಕಾಗಬಹುದು, ನಗರದ್ದೂ ಬೇಕಾಗಬಹುದು. ಬರೀ ‘ಬಾಂಬೆ ಗೆಜೆಟಿಯರ್, ಪು. 120’ ಎಂದು ಬರೆದರೆ ಓದುವವರು ಯಾವುದನ್ನು ತೆಗೆಯಬೇಕು? ನೀವು ಓದಿದ ಲೇಖಕರೇ ಹಾಗೆ ಅರ್ಧಂಬರ್ಧ ಬರೆದಿದ್ದರೆ ನಿಮ್ಮ ಟಿಪ್ಪಣಿಯೂ ಅರ್ಧಂಬರ್ಧವೇ. ತಪ್ಪು ಪುಟಸಂಖ್ಯೆ ಒಂದು ಪ್ರಬಂಧದಿಂದ ಇನ್ನೊಂದಕ್ಕೆ, ಅಲ್ಲಿಂದ ಮತ್ತೊಂದಕ್ಕೆ ದಾಟುವುದು ಹೀಗೆ. ಯಾರು ಯಾರದ್ದನ್ನು ನೋಡಿ ಬರೆದರು ಎಂದು ಪರೀಕ್ಷಕರು ಪತ್ತೆ ಹಚ್ಚುವುದೂ ಆ ತಪ್ಪಿನಿಂದಲೇ.

ಬರೆಯುವ ಕ್ರಮ ಕಷ್ಟದ್ದೇನಲ್ಲ. ಅಡಿಟಿಪ್ಪಣಿಯಲ್ಲಿ ಮೊದಲು ಮೂಲ, ಆಮೇಲೆ ನೀವು ನೋಡಿದ್ದು:

ಗೆಜೆಟಿಯರ್ ಆಫ್ ದಿ ಬಾಂಬೆ ಪ್ರೆಸಿಡೆನ್ಸಿ, ಸಂ. 15 (ಕೆನರಾ), ಭಾಗ 1, 1883. ಉದ್ಧೃತ: ಲೇಖಕರ ಹೆಸರು, ಪುಸ್ತಕದ ಹೆಸರು, ಪ್ರಕಾಶಕರು, ಊರು, ಮುದ್ರಣದ ವರ್ಷ, ಪುಟ.

ಇಲ್ಲಿ ಕೊನೆಗೆ ಬರುವುದು ಕನ್ನಡ ಪುಸ್ತಕದ ಪುಟ. ಅದು ಮರುಮುದ್ರಣವಾಗಿದ್ದರೆ ನಿಮ್ಮ ಕೈಯಲ್ಲಿದ್ದ ಮುದ್ರಣದ ವರ್ಷವನ್ನೇ ಹಾಕಿ, ಮುದ್ರಣ ಬದಲಾದರೆ ಪುಟವೂ ಬದಲಾಗಬಹುದು. ಗ್ರಂಥಋಣದ ಪಟ್ಟಿಗೆ ಕನ್ನಡ ಪುಸ್ತಕವೊಂದೇ ಹೋಗುತ್ತದೆ. ಉಲ್ಲೇಖ ಬರೆಯುವ ಎಪಿಎ, ಎಂಎಲ್‌ಎ ಎರಡು ಪದ್ಧತಿಗಳಲ್ಲೂ ಹೀಗೆಯೇ. ಷಿಕಾಗೋ ಪದ್ಧತಿ ಇಂಥ ಎರಡನೇ ಕೈ ಉಲ್ಲೇಖವೇ ಬೇಡ ಅನ್ನುತ್ತದೆ, ಅನಿವಾರ್ಯವಾದರೆ ಟಿಪ್ಪಣಿಯಲ್ಲಿ ಎರಡನ್ನೂ ಕಾಣಿಸಿ ಅನ್ನುತ್ತದೆ. ನಿಮ್ಮ ವಿಭಾಗದಲ್ಲಿ ಯಾವುದು ರೂಢಿ ಎಂದು ಗೈಡನ್ನು ಮೊದಲೇ ಕೇಳಿಕೊಳ್ಳಿ. ಒಂದು ಹಿಡಿದ ಮೇಲೆ ನಡುವೆ ಬದಲಿಸಬೇಡಿ.

ಇನ್ನೊಂದು ವಿಷಯ. ಗೆಜೆಟಿಯರ್ ಇಂಗ್ಲಿಷಿನಲ್ಲಿದೆ, ನೀವು ಓದಿದ್ದು ಕನ್ನಡದಲ್ಲಿ. ಎಂದರೆ ಆ ವಾಕ್ಯ ಕನ್ನಡ ಲೇಖಕರದು. ಅದನ್ನು ಉದ್ಧರಣ ಚಿಹ್ನೆಯೊಳಗೆ ಇಟ್ಟರೆ ಅನುವಾದ ಯಾರದ್ದು ಎಂದು ಬರೆಯಲೇಬೇಕು. ಇಂಗ್ಲಿಷ್ ಪ್ರಬಂಧಕ್ಕಾಗಿ ಅದನ್ನೇ ತಿರುಗಿ ಇಂಗ್ಲಿಷಿಗೆ ತಂದು “ಗೆಜೆಟಿಯರ್ ಹೀಗೆ ಹೇಳುತ್ತದೆ” ಎಂದು ಚಿಹ್ನೆ ಹಾಕುವವರನ್ನು ನೋಡಿದ್ದೇನೆ. ಗೆಜೆಟಿಯರ್‌ನಲ್ಲಿ ಆ ವಾಕ್ಯವೇ ಇರುವುದಿಲ್ಲ! ಉದ್ಧರಣದ ನಡುವೆ ಮೂರು ಚುಕ್ಕಿ ಇದ್ದರಂತೂ ಎಚ್ಚರ. ಲೇಖಕರು ತಮಗೆ ಬೇಡದ್ದನ್ನು ಅಲ್ಲಿ ಬಿಟ್ಟಿದ್ದಾರೆ. ನಿಮಗೆ ಬೇಕಾದದ್ದು ಅದರಲ್ಲೇ ಇರಬಹುದು.

ಉದ್ಧರಣ ಚಿಹ್ನೆ ಹಾಕಿದರೆ ಕೃತಿಚೌರ್ಯ ಪತ್ತೆಯ ಸಾಫ್ಟ್‌ವೇರ್‌ನಲ್ಲಿ ಹೋಲಿಕೆ ಹೆಚ್ಚು ಬರುತ್ತದೆ ಎಂದು ಹೆದರಿ ಅದನ್ನು ಅಳಿಸುವವರೂ ಇದ್ದಾರೆ. ಇದು ತೀರಾ ಉಲ್ಟಾ. ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗದ) 2018ರ ನಿಯಮದ ಪ್ರಕಾರ ಆಧಾರ ಕೊಟ್ಟು ಉದ್ಧರಿಸಿದ ಭಾಗ, ಗ್ರಂಥಸೂಚಿ, ಮುನ್ನುಡಿ, ಕೃತಜ್ಞತೆ ಇವು ಲೆಕ್ಕಕ್ಕೆ ಬರುವುದಿಲ್ಲ. ಉಳಿದದ್ದರಲ್ಲಿ ಶೇ. 10ರವರೆಗೆ ದಂಡವಿಲ್ಲ. ಚಿಹ್ನೆ ಅಳಿಸಿದಿರೋ, ಲೆಕ್ಕದ ಹೊರಗಿದ್ದದ್ದನ್ನು ನೀವೇ ಒಳಗೆ ಎಳೆದುಕೊಂಡಿರಿ.

ಇಷ್ಟೆಲ್ಲ ಹೇಳಿದೆ, ಆದರೆ ನಿಮ್ಮ ಜಾಗದಲ್ಲಿ ನಾನಿದ್ದರೆ ‘ಉದ್ಧೃತ’ದ ಗೊಡವೆಗೇ ಹೋಗುತ್ತಿರಲಿಲ್ಲ. ಈ ಗೆಜೆಟಿಯರ್‌ಗಳ ಸ್ಕ್ಯಾನ್ ಪ್ರತಿಗಳು ಇಂಟರ್ನೆಟ್ ಆರ್ಕೈವ್‌ನಲ್ಲಿ ಬಿಟ್ಟಿ ಸಿಗುತ್ತವೆ. ಮುಂಬಯಿಯಲ್ಲಿ ಇರುವವರಿಗೆ ಕಲೀನಾದ ಜವಾಹರಲಾಲ್ ನೆಹರೂ ಗ್ರಂಥಾಲಯವಿದೆ, ಫೋರ್ಟಿನ ಟೌನ್‌ಹಾಲ್‌ನಲ್ಲಿ ಏಷಿಯಾಟಿಕ್ ಸೊಸೈಟಿಯಿದೆ. ಡೊಂಬಿವಲಿಯಿಂದ ಫಾಸ್ಟ್ ಲೋಕಲ್ ಹಿಡಿದರೆ ಸಿಎಸ್‌ಎಂಟಿ, ಅಲ್ಲಿಂದ ಟೌನ್‌ಹಾಲ್ ನಡೆದುಹೋಗುವಷ್ಟೇ ದೂರ. ಮೂಲ ನೋಡಿದ ಮೇಲೆ ಅದನ್ನೇ ನೇರವಾಗಿ ಹಾಕಿ. ಕನ್ನಡ ಪುಸ್ತಕದ ದಾರಿಯಿಂದಲೇ ಅಲ್ಲಿಗೆ ಹೋದಿರಾದ್ದರಿಂದ ‘ಈ ಉಲ್ಲೇಖದ ಸುಳಿವು ಸಿಕ್ಕಿದ್ದು ಇಂಥವರ ಕೃತಿಯಲ್ಲಿ’ ಎಂದು ಒಂದು ಸಾಲು ಸೇರಿಸಿದರೆ ಮರ್ಯಾದೆ.

ಸ್ಕ್ಯಾನ್ ಬಳಸುವುದಾದರೆ ಪಿಡಿಎಫ್ ತೋರಿಸುವ ಪುಟಸಂಖ್ಯೆ ಬೇಡ. ರಟ್ಟು, ಮುಖಪುಟ, ಪರಿವಿಡಿ ಎಲ್ಲ ಅದರಲ್ಲಿ ಸೇರಿರುತ್ತವೆ. ಹಾಳೆಯ ಮೇಲೆ ಅಚ್ಚಾಗಿರುವ ಸಂಖ್ಯೆ ಹಾಕಿ. ಟಿಪ್ಪಣಿಗಳಲ್ಲಿ ಹಿಂದಿನ ಟಿಪ್ಪಣಿಯ ಪುಸ್ತಕವೇ ಎನ್ನಲು ‘ಅದೇ, ಪು. 45’ ಎಂದು ಬರೆಯುವ ಅಭ್ಯಾಸವಿದ್ದರೆ, ಕರಡು ಮುಗಿಯುವವರೆಗೆ ಅದನ್ನು ಮುಟ್ಟಬೇಡಿ. ನಡುವೆ ಹೊಸ ಟಿಪ್ಪಣಿಯೊಂದು ನುಸುಳಿದರೆ ಆ ‘ಅದೇ’ ಇನ್ಯಾರದೋ ಪುಸ್ತಕಕ್ಕೆ ಅಂಟಿಕೊಳ್ಳುತ್ತದೆ.