ಸ್ಪೋರ್ಟ್ಸ್ ಕಾರಿನ ಸೈಲೆನ್ಸರ್: ಕ್ಯಾಟ್ ಮುಟ್ಟಬೇಡಿ, ಮಿಕ್ಕಿದ್ದು ಮಾತಾಡೋಣ

ಸ್ಪೋರ್ಟ್ಸ್ ಕಾರು ಕೊಂಡವರು ಮೊದಲು ಕೈ ಹಾಕುವುದು ಸೈಲೆನ್ಸರ್‌ಗೇ. ಗ್ಯಾರೇಜಿಗೆ ಬಂದು ಕೇಳುವ ಮೊದಲ ಪ್ರಶ್ನೆಯೂ ಒಂದೇ: "ಅಣ್ಣಾ, ಸೌಂಡ್ ಎಷ್ಟು ಜೋರಾಗುತ್ತೆ?" ನಾನು ತಿರುಗಿ ಕೇಳುತ್ತೇನೆ, ಸಾರ್, ಕಾರನ್ನು ಎಲ್ಲಿ ಓಡಿಸ್ತೀರಿ? ಭಾನುವಾರ ಬೆಳಗ್ಗೆ ನಂದಿ ಬೆಟ್ಟದ ಕಡೆ ಹೋಗಿ ಬರುವ ಕಾರಿಗೂ ದಿನಾ ಸಿಲ್ಕ್ ಬೋರ್ಡ್ ದಾಟುವ ಕಾರಿಗೂ ಒಂದೇ ಎಕ್ಸಾಸ್ಟ್ (ಹೊಗೆ ಹೊರಬಿಡುವ ಪೈಪ್ ವ್ಯವಸ್ಥೆ) ಹೊಂದುವುದಿಲ್ಲ. ಜೋರು ಸೌಂಡ್ ಮಾಡುವುದು ಸುಲಭ. ಶಬ್ದ ತಗ್ಗಿಸುವ ಡಬ್ಬ, ಅಂದರೆ ಮಫ್ಲರ್ ಕತ್ತರಿಸಿ ನೇರ ಪೈಪ್ ವೆಲ್ಡ್ ಮಾಡಿದರೆ ಆಯ್ತು, ಯಾರು ಬೇಕಾದರೂ ಮಾಡುತ್ತಾರೆ. 60 ಕಿಲೋಮೀಟರ್ ಸ್ಪೀಡಿನಲ್ಲಿ ಸುಮ್ಮನಿದ್ದು, ಆಕ್ಸಿಲರೇಟರ್ ಒತ್ತಿದಾಗ ಮಾತ್ರ ಬಾಯಿ ಬಿಡುವ ಸಿಸ್ಟಮ್ ಕೂರಿಸುವುದರಲ್ಲಿ ಇರುವುದು ಕೆಲಸ.

ಎಂಜಿನ್‌ನಿಂದ ಹಿಂದಕ್ಕೆ ಬಂದರೆ ಮೊದಲು ಎಲ್ಲಾ ಸಿಲಿಂಡರ್ ಹೊಗೆ ಒಟ್ಟು ಸೇರಿಸುವ ಮ್ಯಾನಿಫೋಲ್ಡ್, ಟರ್ಬೊ ಇದ್ದರೆ ಅದರ ನಂತರ ಡೌನ್‌ಪೈಪ್, ಸಾಮಾನ್ಯವಾಗಿ ಅಲ್ಲೇ ಕ್ಯಾಟಲಿಟಿಕ್ ಕನ್ವರ್ಟರ್, ಅಂದರೆ ಹೊಗೆಯ ವಿಷ ಕಡಿಮೆ ಮಾಡುವ ಭಾಗ, ನಮ್ಮ ಬಾಯಲ್ಲಿ ಬರೀ ಕ್ಯಾಟ್. ಆಮೇಲೆ ಕಿರಿಕಿರಿ ಸದ್ದು ತೆಗೆಯುವ ರೆಸೊನೇಟರ್, ಮಫ್ಲರ್, ಕೊನೆಗೆ ಹೊರಗೆ ಕಾಣುವ ಟಿಪ್. ಕ್ಯಾಟ್ ಹಾಗೇ ಬಿಟ್ಟು ಅದರ ಹಿಂದಿನದ್ದನ್ನು ಮಾತ್ರ ಬದಲಿಸುವುದೇ ಕ್ಯಾಟ್-ಬ್ಯಾಕ್. ರೋಡಿನ ಮೇಲೆ ಓಡುವ ಕಾರಿಗೆ ಅಲ್ಲಿಗೇ ನಿಲ್ಲಿಸಿ ಅನ್ನುವುದು ನನ್ನ ಹಠ. ಕ್ಯಾಟ್‌ಗಿಂತ ಮೊದಲು ಒಂದು ಆಕ್ಸಿಜನ್ ಸೆನ್ಸರ್ ಇರುತ್ತದೆ, ಅದು ಪೆಟ್ರೋಲ್ ಅಳತೆ ಸರಿ ಮಾಡಲು. ನಂತರ ಇನ್ನೊಂದು, ಅದು ಕ್ಯಾಟ್ ಕೆಲಸ ಮಾಡ್ತಿದೆಯಾ ಅಂತ ನೋಡಲು. ಕ್ಯಾಟ್ ಕಿತ್ತರೆ ಎರಡೂ ಸೆನ್ಸರ್ ಒಂದೇ ಮಾತು ಹೇಳುತ್ತವೆ, ಕ್ಯಾಟ್ ಸರಿಯಿಲ್ಲ ಅನ್ನುವ ಪಿ0420 ಕೋಡ್ ಬಂದು ಚೆಕ್ ಎಂಜಿನ್ ಲೈಟ್ ಹತ್ತುತ್ತದೆ. "ಮ್ಯಾಪ್ (ಎಂಜಿನ್ ಕಂಪ್ಯೂಟರ್ ಸೆಟ್ಟಿಂಗ್) ಮಾಡಿಸಿದರೆ ಲೈಟ್ ಹೋಗುತ್ತೆ" ಅನ್ನುವವರು ಊರ ತುಂಬಾ ಇದ್ದಾರೆ. ಲೈಟ್ ಹೋಗುತ್ತದೆ, ನಿಜ. ಕಾರ್ಬನ್ ಮಾನಾಕ್ಸೈಡ್ ಹೋಗುವುದಿಲ್ಲ, ಅದನ್ನು ಬೇಸ್‌ಮೆಂಟ್ ಪಾರ್ಕಿಂಗ್‌ನಲ್ಲಿ ಮೊದಲು ಕುಡಿಯುವವರು ಸೆಕ್ಯುರಿಟಿಯವರು.

ಕಾನೂನು ಕೂಡ ಗೊತ್ತಿರಲಿ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಕಂಪನಿ ಕೊಟ್ಟ ಸ್ಪೆಸಿಫಿಕೇಶನ್‌ಗೆ ವಿರುದ್ಧವಾಗಿ ಗಾಡಿ ಮಾರ್ಪಾಡು ಮಾಡುವಂತಿಲ್ಲ. 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಹೇಳಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಒಂದೊಂದು ಮಾರ್ಪಾಡಿಗೂ 5,000 ರೂಪಾಯಿ ದಂಡ, ಶಬ್ದ ಮತ್ತು ಹೊಗೆಯ ನಿಯಮ ಮೀರಿದರೆ 10,000ದವರೆಗೆ ದಂಡ ಬಂತು, ಎರಡರಲ್ಲೂ ಜೈಲಿನ ಅವಕಾಶವೂ ಇದೆ. ನಮ್ಮ ಟ್ರಾಫಿಕ್ ಪೊಲೀಸರು ಬೈಕ್ ಸೈಲೆನ್ಸರ್‌ಗಳನ್ನು ಸಾಲಾಗಿ ಮಲಗಿಸಿ ರೋಡ್ ರೋಲರ್ ಹತ್ತಿಸಿದ್ದನ್ನು ನೀವೂ ನೋಡಿರುತ್ತೀರಿ. ಕಾರಿನದು ಅಷ್ಟು ಸುಲಭವಾಗಿ ಕಾಣುವುದಿಲ್ಲ ಅನ್ನುವುದು ಸಮಾಧಾನವೇ ಹೊರತು ಅನುಮತಿ ಅಲ್ಲ. ಕ್ಯಾಟ್-ಬ್ಯಾಕ್ ಆದರೂ ಕಂಪನಿಯದಕ್ಕಿಂತ ಜೋರಾದರೆ ರಿಸ್ಕ್ ನಿಮ್ಮದೇ. ಇನ್ಶೂರೆನ್ಸ್‌ನವರಿಗೆ ಮೊದಲೇ ತಿಳಿಸಿ. ಹಳೆಯ ಸೈಲೆನ್ಸರ್ ಮಾತ್ರ ಗುಜರಿಗೆ ಹಾಕಬೇಡಿ, ಮತ್ತೆ ಹಾಕಬೇಕಾಗಿ ಬರಬಹುದು.

ಪವರ್ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ, ಯಾಕೆಂದರೆ ಹೇಳುವುದಕ್ಕೆ ಜಾಸ್ತಿ ಇಲ್ಲ. ಟರ್ಬೊ ಇಲ್ಲದ ಎಂಜಿನ್‌ಗೆ ಕ್ಯಾಟ್-ಬ್ಯಾಕ್ ಹಾಕಿದರೆ ಸಿಗುವುದು ಕೆಲವೇ ಕುದುರೆಗಳು. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರ್ ಮೇಲಿದೆ, ಇಲ್ಲಿನ ತೆಳು ಗಾಳಿಗೇ ಅಂಥ ಎಂಜಿನ್ ಅದಕ್ಕಿಂತ ಹೆಚ್ಚು ಕಳೆದುಕೊಂಡಿರುತ್ತದೆ! "ಬ್ಯಾಕ್ ಪ್ರೆಶರ್ (ಹೊಗೆಗೆ ಪೈಪ್ ಒಡ್ಡುವ ತಡೆ) ಬೇಕು" ಅನ್ನುವ ಮಾತೂ ಅರ್ಧ ಸತ್ಯ. ಎಂಜಿನ್‌ಗೆ ಬೇಕಿರುವುದು ತಡೆ ಅಲ್ಲ, ಹೊಗೆಯ ವೇಗ. ಪೈಪ್ ಅತಿ ದಪ್ಪ ಆದರೆ ವೇಗ ಇಳಿಯುತ್ತದೆ, ಕೆಳಗಿನ ಆರ್‌ಪಿಎಂನಲ್ಲಿ ಕಾರು ಸೋಮಾರಿ ಆಗುತ್ತದೆ.

ಜನ ನಿಜವಾಗಿ ಪಶ್ಚಾತ್ತಾಪ ಪಡುವುದು ಡ್ರೋನ್‌ಗೆ. ಡ್ರೋನ್ ಅಂದರೆ ಒಂದೇ ಸ್ಪೀಡಿನಲ್ಲಿ ಹೋಗುವಾಗ ಕ್ಯಾಬಿನ್ ಒಳಗೆ ತಲೆ ಹಿಡಿಯುವ ಹಾಗೆ ಬರುವ ಗುಂಯ್ ಅನ್ನುವ ಶಬ್ದ. ಲೆಕ್ಕ ನೋಡಿ. ನಾಲ್ಕು ಸಿಲಿಂಡರ್ ಎಂಜಿನ್ 2,400 ಆರ್‌ಪಿಎಂನಲ್ಲಿ ಸೆಕೆಂಡಿಗೆ 40 ಸುತ್ತು ಸುತ್ತುತ್ತದೆ, ಸುತ್ತಿಗೆ ಎರಡು ಫೈರಿಂಗ್, ಅಂದರೆ 80 ಹರ್ಟ್ಜ್. ತುಮಕೂರು ರೋಡಿನಲ್ಲಿ ಟಾಪ್ ಗೇರಿನಲ್ಲಿ ಆರಾಮಾಗಿ ಹೋಗುವಾಗ ಎಂಜಿನ್ ಇರುವುದು ಹೆಚ್ಚುಕಮ್ಮಿ ಅಲ್ಲೇ. ಕ್ಯಾಬಿನ್‌ಗೂ ಆ ಹರ್ಟ್ಜ್ ಒಗ್ಗಿಬಿಟ್ಟರೆ ತುಮಕೂರು ತಲುಪುವುದರೊಳಗೆ ಹೆಂಡತಿ ಮಕ್ಕಳು ಕಾರು ಮಾರಿ ಅನ್ನುತ್ತಾರೆ. ಇದಕ್ಕೆ ಮದ್ದು ಇದೆ. ಮುಖ್ಯ ಪೈಪಿಗೆ ಪಕ್ಕದಲ್ಲಿ ಒಂದು ಕೊಂಬೆ ಪೈಪ್ ವೆಲ್ಡ್ ಮಾಡಿ ಅದರ ತುದಿ ಮುಚ್ಚುವುದು. ನಾವು ಜೆ-ಪೈಪ್ ಅನ್ನುತ್ತೇವೆ. ಅಲೆ ಒಳಗೆ ಹೋಗಿ ವಾಪಸ್ ಬರುವಾಗ ಉಲ್ಟಾ ಆಗಿ ಬಂದು ಅದೇ ಶಬ್ದವನ್ನು ಹೊಡೆದುಹಾಕುತ್ತದೆ. ಬಿಸಿ ಹೊಗೆಯಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 450 ಮೀಟರ್ ಅಂತ ಹಿಡಿದರೆ 80 ಹರ್ಟ್ಜ್‌ಗೆ 1.4 ಮೀಟರ್ ಉದ್ದದ ಕೊಂಬೆ ಬೇಕು. ಅಷ್ಟುದ್ದಕ್ಕೆ ಕಾರಿನ ಕೆಳಗೆ ಜಾಗ ಹುಡುಕುವುದೇ ಒಂದು ವಿದ್ಯೆ. ಅದಕ್ಕೇ ಕೊಳ್ಳುವ ಮುಂಚೆ ಅದೇ ಮಾಡೆಲ್ ಕಾರಿನ ಒಳಗೆ ಕೂತು ಕೇಳಿ. ವಿಡಿಯೋಗಳಲ್ಲಿ ಮೈಕ್ ಇಡುವುದು ಟಿಪ್ ಹಿಂದೆ, ನೀವು ಕೂರುವುದು ಸ್ಟಿಯರಿಂಗ್ ಹಿಂದೆ.

ಫಿಟ್ಟಿಂಗ್ ವಿಷಯಕ್ಕೆ ಬರೋಣ. ಎಂಜಿನ್ ಪೂರ್ತಿ ತಣ್ಣಗಾಗಬೇಕು. ಹಳೆ ಬೋಲ್ಟ್‌ಗಳಿಗೆ ಹಿಂದಿನ ದಿನವೇ ತುಕ್ಕು ಬಿಡಿಸುವ ಎಣ್ಣೆ ಬಿಡಿ, ಮಳೆನೀರಿನಲ್ಲಿ ಓಡಿದ ಕಾರಿನಲ್ಲಿ ಬೋಲ್ಟ್ ತಲೆ ಮುರಿದರೆ ಅರ್ಧ ದಿನ ಡ್ರಿಲ್ ಹಿಡಿದು ಕೂರಬೇಕು. ಸೆನ್ಸರ್ ಬಿಚ್ಚಿದರೆ ವೈರಿನಲ್ಲಿ ನೇತಾಡಲು ಬಿಡಬೇಡಿ. ಗ್ಯಾಸ್ಕೆಟ್ ಹೊಸದೇ ಹಾಕಿ. ಲೀಕ್ ಮುಚ್ಚಲು ಸಾಧಾರಣ ಸಿಲಿಕಾನ್ ಪೇಸ್ಟ್ ಬಳಿಯುವವರಿದ್ದಾರೆ, ಅದರ ಆವಿಗೆ ಆಕ್ಸಿಜನ್ ಸೆನ್ಸರ್ ಸಾಯುತ್ತದೆ. ಕಾರಿನ ಮೇಲೇ ವೆಲ್ಡಿಂಗ್ ಮಾಡುವುದಾದರೆ ಮೊದಲು ಬ್ಯಾಟರಿ ಕಳಚಿ.

ತುಂಬಾ ಜನ ಎಡವುವುದು ಟೈಟ್ ಮಾಡುವುದರಲ್ಲಿ. ಒಂದೊಂದೇ ಜಾಯಿಂಟ್ ಬಿಗಿ ಮಾಡುತ್ತಾ ಹಿಂದಕ್ಕೆ ಬಂದರೆ ಟಿಪ್ ಬಂಪರ್‌ಗೆ ಸೊಟ್ಟ ಬಂದು ನಿಲ್ಲುತ್ತದೆ. ಎಲ್ಲವನ್ನೂ ಮೊದಲು ಸಡಿಲವಾಗಿ ನೇತುಹಾಕಿ, ರಬ್ಬರ್ ಹ್ಯಾಂಗರ್‌ಗಳ ಮೇಲೆ ಭಾರ ಸಮ ಕೂತ ಮೇಲೆ, ಟಿಪ್ ಹೊಂದಿಸಿ, ಮುಂದಿನಿಂದ ಹಿಂದಕ್ಕೆ ಬಿಗಿ ಮಾಡಬೇಕು. ಬಂಪರ್‌ಗೆ ಅಂಟಿಕೊಂಡಂತೆ ಟಿಪ್ ಚೆನ್ನಾಗಿ ಕಾಣುತ್ತೆ ಅಲ್ವಾ, ಆದರೆ 2 ಮೀಟರ್ ಸ್ಟೀಲ್ ಪೈಪ್ 300 ಡಿಗ್ರಿ ಬಿಸಿಯಾದರೆ ಸುಮಾರು 10 ಮಿಲಿಮೀಟರ್ ಉದ್ದವಾಗುತ್ತದೆ. ಆ ಜಾಗ ಬಿಡದಿದ್ದರೆ ಬಂಪರ್ ಕರಗುತ್ತದೆ. ಎಂಜಿನ್ ಹಿಂದಿರುವ ಕಾರುಗಳಲ್ಲಿ ಇನ್ನೂ ಹುಷಾರು, ಅಲ್ಲಿ ಪೈಪ್ ಗಿಡ್ಡ, ಬಿಸಿ ಜಾಸ್ತಿ, ಹೀಟ್ ಶೀಲ್ಡ್ ಒಂದನ್ನೂ ಬಿಡುವಂತಿಲ್ಲ. ಟೈಟಾನಿಯಂ ಆದರೆ ಸ್ಟಾರ್ಟ್ ಮಾಡುವ ಮುಂಚೆ ಸ್ಪಿರಿಟ್‌ನಲ್ಲಿ ಒರೆಸಿ, ಇಲ್ಲದಿದ್ದರೆ ಮೆಕ್ಯಾನಿಕ್ ಬೆರಳಿನ ಗುರುತು ಸುಟ್ಟು ಅಲ್ಲೇ ಉಳಿಯುತ್ತದೆ. ಮೊದಲ ಸಲ ಬಿಳಿ ಹೊಗೆ, ವಾಸನೆ ಬಂದರೆ ಗಾಬರಿ ಬೇಡ, ಫ್ಯಾಕ್ಟರಿಯ ಎಣ್ಣೆ ಸುಡುತ್ತಿರುತ್ತದೆ. ನಾನು ಸ್ಮೋಕ್ ಮಷಿನ್ ಹಚ್ಚಿ ಲೀಕ್ ನೋಡುತ್ತೇನೆ, ಆಮೇಲೆ ಹಂಪ್ಸ್ ಮೇಲೆ ಇಬ್ಬರನ್ನು ಕೂರಿಸಿಕೊಂಡು ಓಡಿಸಿ ಕೆಳಗೆ ತಾಗುತ್ತಾ ನೋಡುತ್ತೇನೆ. ಒಂದು ವಾರ ಓಡಿದ ಮೇಲೆ ವಾಪಸ್ ತರಲೇಬೇಕು, ಬಿಸಿ ತಣ್ಣಗೆ ಆಗಿ ಕ್ಲಾಂಪ್ ಸ್ವಲ್ಪ ಸಡಿಲ ಆಗಿರುತ್ತದೆ.

ಆಕ್ಸಿಲರೇಟರ್‌ನಿಂದ ಕಾಲು ತೆಗೆದಾಗ ಪೈಪಿನಲ್ಲಿ ಪಟಾಕಿ ಸಿಡಿಯಬೇಕು ಅನ್ನುವ ಹುಡುಗರಿಗೆ ನಾನು ಮಾಡಿಕೊಡುವುದಿಲ್ಲ. ಅದು ಎಕ್ಸಾಸ್ಟ್ ಗುಣ ಅಲ್ಲ, ಮ್ಯಾಪ್‌ನಲ್ಲಿ ಬೇಕಂತಲೇ ಪೆಟ್ರೋಲ್ ಬಿಟ್ಟು ಪೈಪಿನೊಳಗೆ ಸುಡುವುದು. ಕ್ಯಾಟ್ ಒಳಗಿನ ಜೇನುಗೂಡಿನಂಥ ಭಾಗ ಆ ಬಿಸಿಗೆ ಕರಗಿ ಪೈಪನ್ನೇ ಮುಚ್ಚಿಬಿಡಬಹುದು.

ಮುಚ್ಚಿದರೆ ಸದ್ದು ಕಡಿಮೆ, ತೆರೆದರೆ ಜೋರು ಮಾಡುವ ವಾಲ್ವ್ ಇರುವ ಸಿಸ್ಟಮ್ ನಗರಕ್ಕೆ ಒಳ್ಳೆಯದು, ಆದರೆ ವಾಲ್ವ್ ಯಾವ ಥರದ್ದು ಅಂತ ಕೇಳಿ ಕೊಳ್ಳಿ. ವ್ಯಾಕ್ಯೂಮ್‌ನಲ್ಲಿ ಮುಚ್ಚುವ ವಾಲ್ವ್ ಎಂಜಿನ್ ಆಫ್ ಇದ್ದಾಗ ಸ್ಪ್ರಿಂಗ್‌ನಿಂದ ತೆರೆದಿರುತ್ತದೆ. ಬೆಳಗ್ಗೆ ತಣ್ಣಗಿನ ಎಂಜಿನ್ ಕ್ಯಾಟ್ ಬಿಸಿ ಮಾಡಲು ಆರ್‌ಪಿಎಂ ಏರಿಸಿಕೊಂಡೇ ಸ್ಟಾರ್ಟ್ ಆಗುತ್ತದೆ, ಅಂದರೆ ಅಪಾರ್ಟ್‌ಮೆಂಟ್ ಪೂರ್ತಿ ಏಳುವುದು ಆ ಮೊದಲ ಕೆಲವು ಸೆಕೆಂಡಿನಲ್ಲೇ. ಎಲೆಕ್ಟ್ರಿಕ್ ಮೋಟಾರ್ ವಾಲ್ವ್ ಆದರೆ ಹಿಂದಿನ ರಾತ್ರಿ ಮುಚ್ಚಿ ನಿಲ್ಲಿಸಬಹುದು. ದುಡ್ಡು ಸ್ವಲ್ಪ ಜಾಸ್ತಿ ಆದರೂ ಅದನ್ನೇ ಹಾಕಿಸಿ.